ರಾಣಿಯ ಎಡಮಂಡಿ

ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ನಮ್ಮತ್ತೆ ಮೊಟ್ಟಮೊದಲು ನೋಡಿದ್ದು ನನ್ನ ಒಲೆಯನ್ನು. "ಇದರ ಮೇಲೆ ಮಾಡಿದ್ದನ್ನೇ ಇಷ್ಟು ದಿನ ನಾನು ತಿಂದಿದ್ದಾ?" ಎಂದು ಕೇಳಿ ಸೀದಾ ಮೆಟ್ಟಿಲಿಳಿದರು. ಕೆಳಗೆ ಮೂಲೆಯ ಜೇಡರ ಬಲೆ ನೋಡಿದರು, ಮಗನ ಅಂಗಿಯ ಕಾಲರ್ ನೋಡಿದರು, ಮಾವನ ಕಿವಿಯಿಂದ ಇಣುಕುತ್ತಿದ್ದ ಕೂದಲು ನೋಡಿ, "ರೀ, ಇದನ್ನ ಯಾವಾಗಿಂದ ಸಾಕ್ತಾ ಇದ್ದೀರಿ?" ಎಂದರು. ಆ ವಾರವೆಲ್ಲ ನಾವು ಅವರ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆವು. ಡಾಕ್ಟರಮ್ಮ ಕೆಲಸವನ್ನು ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಮಾಡಿಬಿಟ್ಟಿದ್ದಾರೆ ಎಂದು ನನಗೆ ಅನ್ನಿಸಿತು.

ನಮ್ಮದು ನೆರಳುಗೊಂಬೆ ಆಡಿಸುವ ಮನೆ. ಮೇಲೆ ನಾವಿರುವುದು. ಕೆಳಗೆ ಬೆಂಚು ಹಾಕಿದ ಉದ್ದನೆಯ ಕೋಣೆ, ಅದರ ಕೊನೆಗೆ ಅಗಲವಾದ ಬಿಳಿ ಪರದೆ, ಪರದೆಯ ಪಕ್ಕ ಒಂದು ಚಿಕ್ಕ ಬಾಗಿಲು. ಆ ಬಾಗಿಲು ದಾಟಿದರೆ ದೀಪ, ಗೊಂಬೆಗಳ ಪೆಟ್ಟಿಗೆ, ನನ್ನ ಗಂಡನ ಡೋಲು. ಇನ್ನೂ ಹಿಂದಕ್ಕೆ ಹೋದರೆ ಚರ್ಮ ಹೆರೆದು, ಒಣಗಿಸಿ, ಉಳಿಯಲ್ಲಿ ತೂತು ಹೊಡೆದು ಗೊಂಬೆ ಮಾಡುವ ಕೆಲಸದ ಕೋಣೆ. ಅಲ್ಲಿ ಸದಾ ಒದ್ದೆ ಚರ್ಮದ ವಾಸನೆ. ಮೂಗು ಮುಚ್ಚಿಕೊಂಡೇ ಸೊಸೆಯಾಗಿ ಬಂದವಳು ನಾನು. ಈಗ ಆ ವಾಸನೆ ಇಲ್ಲದ ಮನೆಗೆ ಹೋದರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಮಾವ ಪರದೆಗೆ ಎದೆ ತಾಗುವಷ್ಟು ಹತ್ತಿರ ಕೂತು ಗೊಂಬೆ ಆಡಿಸುತ್ತಾರೆ. ರಾಜ, ಮಂತ್ರಿ, ಕಳ್ಳ, ಕುದುರೆ, ಎಲ್ಲದಕ್ಕೂ ಅವರದೇ ಗಂಟಲು. ಹೆಣ್ಣು ಗೊಂಬೆಗಳಿಗೆಲ್ಲ ಅತ್ತೆಯ ಗಂಟಲು. ಅತ್ತೆ ಕೂರುವುದು ಮಾವನ ಬೆನ್ನ ಹಿಂದೆ, ಪೆಟ್ಟಿಗೆಯ ಕಡೆ ಮುಖ ಮಾಡಿ. ಮುಂದೆ ಬೇಕಾದ ಗೊಂಬೆ ತೆಗೆದುಕೊಡಬೇಕು, ಆಡಿ ಬಂದ ಗೊಂಬೆ ಒಳಗಿಡಬೇಕು, ಸರಿಯಾದ ಹೊತ್ತಿಗೆ ಮಾತಾಡಬೇಕು. ಇಷ್ಟರ ಜೊತೆಗೆ ಕಾಲಿನ ಹೆಬ್ಬೆರಳಿಂದ ಮಾವನ ಹಿಮ್ಮಡಿಗೆ ತಿವಿಯುತ್ತಿರಬೇಕು. ಒಂದು ತಿವಿತಕ್ಕೆ 'ಮುಂದೆ ನಡಿ', ಎರಡಕ್ಕೆ 'ನಿಲ್ಲು'. ಬೀದಿಯೆಲ್ಲ ಹಾಡಿ ಹೊಗಳುವ ನಮ್ಮ ಮಾವನಿಗೆ ಆಟ ಶುರುವಾಯಿತೆಂದರೆ ಮೈಮೇಲೆ ಜ್ಞಾನ ಇರುವುದಿಲ್ಲ. ಅತ್ತೆಯ ಹೆಬ್ಬೆರಳಿಲ್ಲದಿದ್ದರೆ ಬೇಟೆಗೆ ಹೋದ ರಾಜ ಇನ್ನೂ ಕಾಡಲ್ಲೇ ಇರುತ್ತಿದ್ದ.

ನಾನು ಬಸ್ ಕಂಡಕ್ಟರ್. ಮದುವೆಗೆ ಮುಂಚೆಯೂ ಅದೇ, ಈಗಲೂ ಅದೇ. ಆಟ ಇರುವ ಸಂಜೆ ಬೀದಿ ಬಾಗಿಲಲ್ಲಿ ನಿಂತು ಟಿಕೆಟ್ ಹರಿದು ಜನರನ್ನು ಒಳಗೆ ಸರಿಸುವುದು ಈ ಮನೆಯ ಕಲೆಗೆ ನನ್ನ ಕಾಣಿಕೆ. ಎಲ್ಲರೂ ಕೂತ ಮೇಲೆ ಕೊನೆಯ ಗೋಡೆಗೆ ಒರಗಿ ಆಟ ನೋಡುತ್ತೇನೆ. ಹಾಗೆ ನೋಡಿ ನೋಡಿ ನನಗೆ ಗೊತ್ತಿದ್ದ ಒಂದು ವಿಷಯ ಅತ್ತೆಗೂ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಅತ್ತೆಯ ಕಾಲಿನ ವಿಷಯ.

ಅತ್ತೆಯ ಎಡಗಾಲು ಸ್ವಲ್ಪ ಹಿಂದೆ ಉಳಿಯುತ್ತದೆ. ಚಿಕ್ಕವರಿದ್ದಾಗ ಏಣಿಯಿಂದ ಬಿದ್ದ ಕಾಲು. ಬಲಗಾಲು ಹೋಗಿ ಊರಿದ ಮೇಲೆ, 'ಇರು, ನಾನೂ ಬಂದೆ' ಎನ್ನುವ ಹಾಗೆ ಎಡಗಾಲು ಅರ್ಧ ಸುತ್ತು ಬಳಸಿಕೊಂಡು ಬರುತ್ತದೆ. ಹುಡುಗಿಯಾಗಿದ್ದಾಗ ಓರಗೆಯವರು ಬೆನ್ನ ಹಿಂದೆ ಅದೇ ಥರ ನಡೆದು ಅಣಕಿಸುತ್ತಿದ್ದರಂತೆ. ಆ ಅಣಕ ಅವರ ಮನಸ್ಸಿನಿಂದ ಹೋಗಿಯೇ ಇಲ್ಲ. ಪಾದ ಮುಚ್ಚುವಷ್ಟು ಉದ್ದಕ್ಕೆ ಬಟ್ಟೆ ಉಡುತ್ತಾರೆ, ಎಲ್ಲಿಗೆ ಹೋದರೂ ಎಲ್ಲರಿಗಿಂತ ಮುಂಚೆ ಹೋಗಿ ಕೂತು, ಎಲ್ಲರೂ ಎದ್ದು ಹೋದ ಮೇಲೆ ಹೊರಡುತ್ತಾರೆ. ಮನೆಯಲ್ಲಿ ಆ ಕಾಲಿನ ಸುದ್ದಿ ಯಾರೂ ಎತ್ತುವಂತಿಲ್ಲ. ಇನ್ನೊಂದು ಅಭ್ಯಾಸವೂ ಇದೆ. ಗೊಂಬೆ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿರುತ್ತದೆ. ಯಾವ ಬಾಗಿಲು ಬಂದರೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಸೊಂಟ ತಟ್ಟಿ, ಬೀಗದ ಕೈ ಇದೆ ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಕಾಲಿಡುವುದು. ಬಚ್ಚಲ ಬಾಗಿಲಾದರೂ ಅಷ್ಟೇ.

ಬೀದಿಯವರೆಲ್ಲ ಅವರನ್ನು ರಾಣಿಯಮ್ಮ ಎಂದು ಕರೆಯುತ್ತಾರೆ. ಆಟದಲ್ಲಿ ರಾಣಿಯ ಮಾತು ಹೇಳುವುದು ತಾನಲ್ಲವೇ, ಅದಕ್ಕೇ ಹಾಗೆ ಕರೆಯುತ್ತಾರೆ ಎಂದು ಅತ್ತೆ ನಂಬಿದ್ದರು.

ಕೆಲಸದ ಕೋಣೆಯ ಗೋಡೆಯ ಮೇಲೆ ಬೇರೆ ಬೇರೆ ದೇಶದ ನೆರಳುಗೊಂಬೆಗಳಿವೆ. ಗೊಂಬೆಯಾಟದವರು ಸೇರುವಲ್ಲಿಗೆ ಹೋದಾಗಲೆಲ್ಲ ಮಾವ ತಮ್ಮದೊಂದು ಕೊಟ್ಟು ಅವರದೊಂದು ತಂದದ್ದು. ಒಂದಕ್ಕೆ ಮೊಣಕಾಲಿಗೂ ಕೆಳಗೆ ಇಳಿಬಿದ್ದ ಕಡ್ಡಿಯಂಥ ಕೈಗಳು. ಇನ್ನೊಂದು ಗುಂಡು ಗಡ್ಡದ ಜಗಳಗಂಟ. ಮತ್ತೊಂದರ ತಲೆಯನ್ನು ಕಳಚಿ ಬೇರೆ ತಲೆ ಸಿಕ್ಕಿಸಬಹುದು; ನಮ್ಮ ಡಿಪೋ ಮ್ಯಾನೇಜರಿಗೂ ಹಾಗೆ ಮಾಡಲು ಬಂದಿದ್ದರೆ ಎಂದು ಅದನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತೇನೆ. ಉದ್ದ ಕೈಯ ಗೊಂಬೆಯ ಕಲಾವಿದ ಒಮ್ಮೆ ನಮ್ಮ ಮನೆಗೇ ಬಂದಿದ್ದ. ಅವನ ಕಡೆ ಜನ ಪರದೆಯ ಎರಡೂ ಪಕ್ಕ ಕೂರಬಹುದಂತೆ, ಬೇಕಾದವರು ನೆರಳು ನೋಡಬಹುದು, ಬೇಕಾದವರು ಆಡಿಸುವವನನ್ನೇ ನೋಡಬಹುದು. ಅದನ್ನು ಕೇಳಿದಾಗಿನಿಂದ ಅತ್ತೆಗೆ ಒಂದೇ ಯೋಚನೆ. "ಆ ಊರಿನ ಹೆಂಡತಿಯರು ಪುಣ್ಯವಂತರು ಕಣೇ. ಎದ್ದು ಆಕಡೆ ಹೋದ್ರೆ ಮುಗೀತು" ಎನ್ನುತ್ತಿದ್ದರು. ಕಣ್ಣು ಮಂಜಾದ ಮೇಲೆ ಆ ಮಾತು ನಿಂತುಹೋಗಿತ್ತು.

ಈಗ ಕಣ್ಣು ಬಂತಲ್ಲ, ಮಾತೂ ಬಂತು. ಒಂದು ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅತ್ತೆ ಶಾಂತವಾಗಿ ಹೇಳಿದರು: "ಈ ವಾರದ ಆಟಕ್ಕೆ ನಾನು ಮುಂದೆ ಬೆಂಚಲ್ಲಿ ಕೂರ್ತೀನಿ. ರಾಣಿ ಕಥೇನೇ ಆಡಿ. ಒಂದು ಸಲ ಪೂರ್ತಿ ನೋಡ್ಬೇಕು."

ಮಾವನ ಕೈಯಲ್ಲಿದ್ದ ಚಹಾ ತೊಡೆಯ ಮೇಲೆ ಚೆಲ್ಲಿತು. "ಮುಂದೆ ಕೂತು ನೋಡೋಕೆ ಏನಿದೆ? ಬರೀ ನೆರಳು."

"ಆ ನೆರಳನ್ನೇ ನೋಡ್ಬೇಕು. ಇಷ್ಟು ವರ್ಷ ನಾನು ನೋಡಿದ್ದು ನಿಮ್ಮ ಬೆನ್ನು. ಬೆನ್ನು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ನೋಡೋಕೆ ಯಾರೂ ಟಿಕೆಟ್ ತಗೊಳ್ಳಲ್ಲ."

"ಕಣ್ಣಿಗೆ ಬೆಳಕು ಬೀಳಬಾರದು ಅಂದಿದಾರೆ."

"ಡಾಕ್ಟರಮ್ಮನ್ನ ಕೇಳಿದೀನಿ. ನೋಡೋಕೇ ಅಂತ ತಾನೇ ಕಣ್ಣು ಸರಿ ಮಾಡಿರೋದು ಅಂದ್ರು."

"ನಿನ್ನ ಮಾತೆಲ್ಲ ಯಾರು ಹೇಳ್ತಾರೆ ಹಾಗಾದ್ರೆ?"

"ಇವಳು" ಎಂದು ಅತ್ತೆ ನನ್ನ ಕಡೆ ಬೆರಳು ತೋರಿಸಿದರು. ನನ್ನ ಗಂಡ ಎಲ್ಲದಕ್ಕೂ ಹೇಳುವಂತೆ "ನೋಡೋಣ" ಎಂದು ಹೇಳಿ ಡೋಲು ಎತ್ತಿಕೊಂಡು ಜಾಗ ಖಾಲಿ ಮಾಡಿದರು. ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಆಮೇಲೆ ಮಾವ ಮಾಡದ ಉಪಾಯವಿಲ್ಲ. ಪರದೆಗೆ ಕಲೆಯಾಗಿದೆ ಎಂದರು, ಅತ್ತೆ ಒಗೆದು ಹಾಕಿದರು. ಗಂಟಲು ಕಟ್ಟಿದೆ ಎಂದು ಪಿಸುಗುಟ್ಟಿದರು, ಅತ್ತೆ ಕಷಾಯ ಕುಡಿಸಿದರು. ಕಳ್ಳನ ಕಥೆ ಆಡೋಣ, ಜನಕ್ಕೆ ಅದೇ ಇಷ್ಟ ಎಂದರು. ಅತ್ತೆ ಬೀದಿಗಿಳಿದು ಕ್ಷೌರದ ಅಂಗಡಿಯ ಕತ್ತರಿಯಣ್ಣನನ್ನು ಕೇಳಿದರು. ಕತ್ತರಿಯಣ್ಣ ಯಾವ ಆಟವನ್ನೂ ತಪ್ಪಿಸದೆ ಮೊದಲ ಬೆಂಚಿನಲ್ಲಿ ಕೂರುವ ಮನುಷ್ಯ. "ರಾಣಿ ಕಥೆ ಮುಂದೆ ಇನ್ನೇನಿದೆ ರಾಣಿಯಮ್ಮ?" ಎಂದು ಅವನು ಅಂಗಡಿಯಿಂದಲೇ ಕೂಗಿ ಹೇಳಿದ್ದು ನಮಗೆಲ್ಲ ಕೇಳಿಸಿತು.

ಹೆಬ್ಬೆರಳ ಗುಟ್ಟು ಬಯಲಾದೀತೆಂದು ಮಾವ ಹೆದರಿದ್ದಾರೆ ಎಂದು ನಾನು ತಿಳಿದೆ. ಧೈರ್ಯ ಹೇಳೋಣವೆಂದು ಕೆಲಸದ ಕೋಣೆಗೆ ಹೋದೆ. ಮಾವ ರಾಣಿ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಗೊಂಬೆಯ ಕೈಕಾಲುಗಳ ಕೀಲುಗಳನ್ನು ದಾರದ ಗಂಟು ಹಾಕಿ ಜೋಡಿಸಿರುತ್ತಾರೆ. ರಾಣಿಯ ಎಡಮಂಡಿಯ ಗಂಟು ಮಾತ್ರ ಯಾವಾಗಲೂ ಸಡಿಲ. "ಬಿಗಿ ಮಾಡ್ಲಾ?" ಎಂದು ಅತ್ತೆ ಎಷ್ಟೋ ಸಲ ಕೇಳಿ, "ಮುಟ್ಬೇಡ!" ಎಂದು ಬೈಸಿಕೊಂಡದ್ದು ನನಗೆ ಗೊತ್ತು. ಆ ಗಂಟನ್ನು ಮಾವ ಈಗ ತಾವೇ ಎಳೆದೆಳೆದು ಬಿಗಿ ಮಾಡುತ್ತಿದ್ದರು.

"ಏನ್ ಮಾವ ಇದು?"

"ಅವಳು ನೋಡೋ ದಿನ ರಾಣಿ ನೆಟ್ಟಗೆ ನಡೀತಾಳೆ" ಎಂದರು, ತಲೆ ಎತ್ತದೆ.

ನನಗೆ ಆಗ ಹೊಳೆಯಿತು. ಬೀದಿಗೆಲ್ಲ ಗೊತ್ತಿದ್ದ, ಅತ್ತೆಗೂ ಗೊತ್ತಿದೆ ಎಂದು ನಾನು ತಿಳಿದಿದ್ದ ವಿಷಯ ಇದೇ: ಪರದೆಯ ಮೇಲೆ ರಾಣಿ ನಡೆಯುವುದು ಥೇಟ್ ನಮ್ಮತ್ತೆಯ ಹಾಗೆ. ಬಲಗಾಲು ಊರಿ, ಎಡಗಾಲು ಬಳಸಿ. ಅರಮನೆಯ ಬಾಗಿಲು ಬಂದರೆ ನಿಂತು, ಸೊಂಟ ತಟ್ಟಿಕೊಂಡು ಒಳಗೆ. ಯಾವ ಅರಮನೆಯ ರಾಣಿ ಸೊಂಟದಲ್ಲಿ ಬೀಗದ ಕೈ ಇಟ್ಟುಕೊಳ್ಳುತ್ತಾಳೆ ಹೇಳಿ!

"ಅತ್ತೆಗೆ ಗೊತ್ತೇ ಇಲ್ವಾ ಮಾವ?"

"ಪೆಟ್ಟಿಗೆ ಒಳಗೆ ತಲೆ ಹಾಕ್ಕೊಂಡು ಕೂತಿರ್ತಾಳೆ. ಹೆಂಗೆ ಗೊತ್ತಾಗ್ಬೇಕು?" ಮಾವ ಗೊಂಬೆಯನ್ನು ಪಕ್ಕಕ್ಕಿಟ್ಟರು. "ಮದುವೆಯಾದ ಹೊಸದು. ಇವಳು ದೀಪ ಹಿಡ್ಕೊಂಡು ಈ ಕೋಣೆಗೆ ಬರ್ತಾ ಇದ್ಲು. ಆ ಗೋಡೆ ಮೇಲೆ ನೆರಳು ಬಿತ್ತು. ಕಾಲು ಬಳಸಿ ಬರೋದು, ಬಾಗಿಲಲ್ಲಿ ನಿಲ್ಲೋದು, ಸೊಂಟ ಮುಟ್ಟಿ ನೋಡ್ಕೊಳ್ಳೋದು… ಅಂಥ ನೆರಳು ನಾನು ಎಲ್ಲೂ ನೋಡಿರ್ಲಿಲ್ಲ ಮಗಳೇ. ನಮ್ಮಪ್ಪ ಮಾಡಿದ ಗೊಂಬೆಗಳೆಲ್ಲ ನೆಟ್ಟಗೆ ನಡೀತಿದ್ವು, ಜೀವಾನೇ ಇರ್ಲಿಲ್ಲ. ಆವತ್ತೇ ಈ ಗಂಟು ಸಡಿಲ ಮಾಡ್ದೆ. ಕಥೇನೂ ಬದಲಾಯಿಸ್ದೆ."

ಕಥೆ ಹೀಗಿದೆ. ಬೇಟೆಗೆ ಹೋದ ರಾಜ ಮಾಯದ ಕೆರೆಯ ನೀರು ಕುಡಿದು ಎಲ್ಲವನ್ನೂ ಮರೆಯುತ್ತಾನೆ. ರಾಣಿ ಅವನನ್ನು ಹುಡುಕಿಕೊಂಡು ಹೊರಡುತ್ತಾಳೆ. ಮಾವನ ಅಪ್ಪನ ಕಾಲದಲ್ಲಿ ರಾಜ ಅವಳ ಕೈಬಳೆ ನೋಡಿ ಗುರುತು ಹಿಡಿಯುತ್ತಿದ್ದನಂತೆ. ಮಾವ ಆಡಿಸುವಾಗ, ರಾಜ ಡೇರೆಯೊಳಗೆ ಕೂತಿರುತ್ತಾನೆ, ಹೊರಗೆ ನಡೆದುಬರುವವಳ ನೆರಳು ಡೇರೆಯ ಬಟ್ಟೆಯ ಮೇಲೆ ಬೀಳುತ್ತದೆ, ಆ ನಡಿಗೆ ನೋಡಿ ಅವನಿಗೆ ಎಲ್ಲ ನೆನಪಾಗುತ್ತದೆ. 'ಇದು ನನ್ನವಳ ನಡಿಗೆ' ಎಂದು ಮಾವ ಪ್ರತಿ ಸಲ ಹೇಳುವುದನ್ನು ಅತ್ತೆ ಕೇಳಿದ್ದಾರೆ. ರಾಣಿ ಹಂಸದ ಹಾಗೆ ನಡೆಯುತ್ತಿರಬೇಕೆಂದು ಅವರ ಲೆಕ್ಕ.

"ಎಷ್ಟು ಚೆನ್ನಾಗಿದೆ! ಅತ್ತೆಗೆ ಹೇಳ್ಬಿಡಿ ಮಾವ."

"ಏನಂತ ಹೇಳ್ಲಿ? ನೀನು ಮುಚ್ಕೊಂಡಿರೋ ಕಾಲನ್ನ ನಾನು ವಾರ ವಾರ ದೀಪ ಹಚ್ಚಿ ಊರಿಗೆಲ್ಲ ತೋರಿಸ್ತಾ ಇದೀನಿ ಅಂತಾನಾ? ಚಿಕ್ಕೋಳಿದ್ದಾಗ ಅವರಿವರು ಅಣಕಿಸಿದ್ದನ್ನೇ ಅವಳು ಮರೆತಿಲ್ಲ. ಕಟ್ಕೊಂಡ ಗಂಡನೂ ಅದನ್ನೇ ಮಾಡ್ದ ಅಂದ್ಕೊಂಡ್ರೆ?" ಮಾವನ ದನಿ ಸಣ್ಣದಾಯಿತು. "ಅವಳ ಮುಖ ಸಪ್ಪಗಾಗೋದನ್ನ ನಾನು ನೋಡಲಾರೆ."

ನನ್ನ ಬಾಯಿ ಬಡಾಯಿ ಅಲ್ಲಿಗೆ ನಿಂತಿತು. ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅತ್ತೆ ಖುಷಿಪಟ್ಟರೆ ಸರಿ. ಆದರೆ ನೊಂದುಕೊಂಡರೆ? ಜನರ ಮಧ್ಯೆ, ಮೊದಲ ಬೆಂಚಿನಲ್ಲಿ, ತನ್ನ ಕಾಲನ್ನೇ ಅಷ್ಟು ದೊಡ್ಡದಾಗಿ ನೋಡಿ ಎದ್ದು ಹೋದರೆ? ಮಾವನ ಬೆನ್ನ ಹಿಂದೆ ಅವರು ಮತ್ತೆ ಬಂದು ಕೂರುತ್ತಾರೆ ಎಂದು ಯಾರು ಹೇಳಬೇಕು? ಬಾಯಿಗೆ ಬೀಗ ಹಾಕಿಕೊಂಡು ಹೊರಬಂದೆ.

ಆಟದ ಸಂಜೆ ಅತ್ತೆ ಹೊಸ ಬಟ್ಟೆ ಉಟ್ಟರು. ಸೊಂಟದ ಬೀಗದ ಕೈ ಬಿಚ್ಚಿ ನನ್ನ ಕೈಗಿಟ್ಟು, "ಹೆಬ್ಬೆರಳು ಜೋಪಾನ. ಒಂದಕ್ಕೆ ನಡಿ, ಎರಡಕ್ಕೆ ನಿಲ್ಲು" ಎಂದರು. ಇನ್ನೂ ಯಾರೂ ಬರುವ ಮುಂಚೆಯೇ ಹೋಗಿ ಮೊದಲ ಬೆಂಚಿನ ತುದಿಯಲ್ಲಿ ಪಾದ ಮುಚ್ಚಿಕೊಂಡು ಕೂತರು. ಆಮೇಲೆ ಕತ್ತರಿಯಣ್ಣ ಬಂದು ಪಕ್ಕದಲ್ಲೇ ಕೂತ. ಚಿಕ್ಕ ಬಾಗಿಲಿನ ಸಂದಿನಿಂದ ನನಗೆ ಅವರಿಬ್ಬರೂ ಕಾಣುತ್ತಿದ್ದರು. ಅತ್ತೆಯ ಮುಖ ನೋಡಿದೆ. ಜಾತ್ರೆಗೆ ಬಂದ ಮಗುವಿನ ಮುಖ.

ದೀಪ ಹತ್ತಿತು, ಡೋಲು ಬಡಿಯಿತು, ರಾಜ ಬೇಟೆಗೆ ಹೊರಟ. ಎಲ್ಲ ಚೆನ್ನಾಗಿಯೇ ಇತ್ತು, ಕೆರೆ ಬರುವವರೆಗೆ. ಕೆರೆಯ ದಡದಲ್ಲಿ ರಾಜ ನಿಲ್ಲಬೇಕು. ನಾನು ಮಾವನ ಹಿಮ್ಮಡಿಗೆ ಒಂದು ತಿವಿದೆ. ಬಸ್ಸಿನಲ್ಲಿ ಒಂದು ಸಲ ಗಂಟೆ ಬಾರಿಸಿದರೆ ನಿಲ್ಲುವುದು, ಎರಡು ಸಲಕ್ಕೆ ಹೊರಡುವುದು. ಇಷ್ಟು ವರ್ಷ ಕೈಗೆ ಬಂದದ್ದು ಕಾಲಿಗೂ ಬಂದುಬಿಟ್ಟಿತು. ರಾಜ ನಿಲ್ಲಲಿಲ್ಲ. ಸೀದಾ ಕೆರೆಯ ನೀರಿನ ಮೇಲೆ ನಡೆದುಕೊಂಡು ಆಚೆ ದಡಕ್ಕೆ ಹೋದ. ಗಾಬರಿಯಲ್ಲಿ ನಾನು ಮತ್ತೊಂದು ತಿವಿದೆ, ಮಗದೊಂದು ತಿವಿದೆ. ರಾಜ ಪರದೆಯಿಂದಲೇ ಆಚೆಗೆ ಹೋಗಿಬಿಟ್ಟ. ಮುಂದೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀರು ಕುಡಿಯೋ ಮುಂಚೆನೇ ಎಲ್ಲಾ ಮರ್ತಿದಾನೆ!" ಎಂದು ಕತ್ತರಿಯಣ್ಣ ಕೂಗಿದ.

"ಬಸ್ಸಲ್ಲ ಕಣಮ್ಮಾ ಇದು!" ಎಂದು ಮಾವ ಹಲ್ಲು ಕಡಿದರು.

ಹೇಗೋ ರಾಜನನ್ನು ವಾಪಸು ಕರೆತಂದು ನೀರು ಕುಡಿಸಿದೆವು. ಆಮೇಲೆ ನನ್ನ ಸರದಿ. ರಾಣಿ ಸೈನಿಕರಿಗೆ ಅಪ್ಪಣೆ ಕೊಡಬೇಕು. ಬಾಯಿಪಾಠ ಮಾಡಿದ್ದ ಮಾತೆಲ್ಲ ಮಂಗಮಾಯ. ಬಾಯಿಗೆ ಬಂದದ್ದು, "ಎಲ್ಲರೂ ಮುಂದೆ ಸರೀರಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ!" ಅದೂ ಡಿಪೋದ ತನಕ ಕೇಳುವ ನನ್ನ ಗಂಟಲಲ್ಲಿ. ಕೋಣೆಗೆ ಕೋಣೆಯೇ ನಗೆಯಲ್ಲಿ ಮುಳುಗಿತು. ಯಾವಾಗಲೂ ಗಂಭೀರವಾಗಿ ಡೋಲು ಬಡಿಯುವ ನನ್ನ ಗಂಡ ಡೋಲಿನ ಮೇಲೆಯೇ ಬೋರಲು ಬಿದ್ದು ನಗುತ್ತಿದ್ದರು. ಸಂದಿನಿಂದ ನೋಡಿದರೆ ಅತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗು ತಡೆಯಲಾಗದೆ ಬಂದ ನೀರು ಅದು. ಹೋಗಲಿ, ಅವರಿಗೆ ಸಂತೋಷವಾಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ರಾಣಿ ನಡೆಯತೊಡಗಿದಳು.

ನೆಟ್ಟಗೆ ನಡೆದಳು. ಬಿಗಿದ ಮಂಡಿ, ಸಮನಾದ ಹೆಜ್ಜೆ, ಬಟ್ಟೆ ಅಳೆಯುವ ಕೋಲಿನ ಹಾಗೆ. ಅರಮನೆಯ ಬಾಗಿಲು ಬಂತು, ನಿಲ್ಲಲಿಲ್ಲ, ಸೊಂಟ ಮುಟ್ಟಲಿಲ್ಲ, ಸುಮ್ಮನೆ ದಾಟಿ ಹೋದಳು. ಮುಂದೆ ನಗು ನಿಂತಿತು. ಬೆಂಚುಗಳು ಕಿರುಗುಟ್ಟಿದವು, ಯಾರೋ ಆಕಳಿಸಿದರು. ರಾಣಿ ಕಾಡು ದಾಟಿದಳು, ಬೆಟ್ಟ ಹತ್ತಿದಳು, ಡೇರೆಯ ಹತ್ತಿರ ಬಂದಳು. ಮಾವನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ಇದು… ಇದು ನನ್ನವಳ ನಡಿಗೆ" ಎಂದ ರಾಜ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ಅಲ್ವೇ ಅಲ್ಲ!" ಕತ್ತರಿಯಣ್ಣ ಎದ್ದು ನಿಂತಿದ್ದ. "ಮೋಸ ಇದು! ಯಾರು ಈ ಹೆಂಗಸು? ಇವಳನ್ನ ನೋಡಿದ್ರೆ ಯಾವ ರಾಜನಿಗೆ ತಾನೇ ನೆನಪು ಬರತ್ತೆ? ನಮ್ಮ ರಾಣಿ ಎಲ್ಲಿ?"

"ಹೌದು, ನಮ್ಮ ರಾಣಿ ಎಲ್ಲಿ?" ಎಂದು ಹಿಂದಿನ ಬೆಂಚುಗಳೂ ದನಿಗೂಡಿಸಿದವು.

"ಯಜಮಾನ್ರೇ, ಮರೆತುಹೋಯ್ತಾ? ಹಿಂಗೆ ನಡೀಬೇಕು, ನೋಡಿ!" ಎಂದು ಆ ಪುಣ್ಯಾತ್ಮ ಪರದೆಯ ಮುಂದೆ ಬಂದು ನಡೆದೇ ತೋರಿಸಿದ. ಬಲಗಾಲು ಊರಿ, ಎಡಗಾಲು ಬಳಸಿ, ಪರದೆಯ ತುದಿಯಲ್ಲಿ ನಿಂತು, ಸೊಂಟ ತಟ್ಟಿಕೊಂಡು ತಿರುಗಿದ. ತಿರುಗಿದವನಿಗೆ ಎದುರಿಗೇ ಅತ್ತೆ ಕಂಡರು. ಕೈ ಸೊಂಟದ ಮೇಲೆಯೇ ಉಳಿಯಿತು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಇಷ್ಟು ವರ್ಷ ಅತ್ತೆ ಆ ಬೆಂಚಿನಲ್ಲಿ ಕೂತದ್ದೇ ಇಲ್ಲವಲ್ಲ, ಪಕ್ಕದಲ್ಲಿರುವುದು ಯಾರೆಂಬುದನ್ನೇ ಆಟದ ಆವೇಶದಲ್ಲಿ ಮರೆತಿದ್ದ.

ಅತ್ತೆ ಅಲುಗಾಡದೆ ಕೂತಿದ್ದರು. ಅವರ ಕೈ ಮೆಲ್ಲಗೆ ತಮ್ಮ ಸೊಂಟಕ್ಕೆ ಹೋಗಿ ಅಲ್ಲೇ ನಿಂತಿತು.

ನಾನು ತಿರುಗಿ ಮಾವನನ್ನು ನೋಡಿದೆ. ಅವರಿಗೂ ಎಲ್ಲ ಕೇಳಿಸಿತ್ತು. ಗುಟ್ಟು ರಟ್ಟಾಗಿತ್ತು, ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ಕೂತಿದ್ದವರು ಗೊಂಬೆಯನ್ನು ಪರದೆಯಿಂದ ಎಳೆದುಕೊಂಡರು, ಎಡಮಂಡಿಯ ದಾರವನ್ನು ಹಲ್ಲಿಗೆ ಸಿಕ್ಕಿಸಿ ಕಚ್ಚಿ ಎಳೆದರು. ದಾರದ ಒಂದೆಳೆ ಕಿತ್ತು ಗಂಟು ಸಡಿಲವಾಯಿತು. ರಾಣಿಯನ್ನು ಮತ್ತೆ ಪರದೆಗೆ ಒತ್ತಿದರು.

ರಾಣಿ ನಡೆದುಬಂದಳು. ಬಲಗಾಲು ಊರಿತು, ಎಡಗಾಲು ನಿಧಾನವಾಗಿ, ಚೆಂದವಾಗಿ, ಬಳಸಿಕೊಂಡು ಬಂತು. ಡೇರೆಯ ಬಾಗಿಲಲ್ಲಿ ನಿಂತಳು. ಕೈ ಸೊಂಟ ಮುಟ್ಟಿ ನೋಡಿತು. ನೂರು ಸಲ ನೋಡಿದ್ದ ನಾನೇ ಕಣ್ಣು ಕೀಳದೆ ನೋಡಿದೆ.

"ಮುಖ ನೆನಪಿಲ್ಲ" ಎಂದ ರಾಜ. ಮಾವನ ದನಿ ನಡುಗುತ್ತಿತ್ತು. "ಹೆಸರು ನೆನಪಿಲ್ಲ. ಆದರೆ ಈ ನಡಿಗೆ ನನ್ನವಳದು. ಲೋಕದಲ್ಲಿ ಇನ್ನೊಬ್ಬರಿಗೆ ಇಲ್ಲ."

ಈಗ ರಾಣಿ ಉತ್ತರ ಕೊಡಬೇಕು. ನಾನು ಬಾಯಿ ತೆರೆದೆ, ನಾಲಿಗೆಗೆ ಬಂದದ್ದು ಮತ್ತೆ ಬಸ್ಸಿನ ಮಾತೇ, ನುಂಗಿಕೊಂಡೆ. ಮಾವ ಕಾಯುತ್ತಿದ್ದರು, ರಾಜ ಕಾಯುತ್ತಿದ್ದ. ಆಗ ಮೊದಲ ಬೆಂಚಿನಿಂದ ರಾಣಿಯ ದನಿ ಬಂತು. ನಿಜವಾದ ದನಿ.

"ಇಷ್ಟು ವರ್ಷ ನನ್ನನ್ನ ಬೆನ್ನ ಹಿಂದೆ ಕೂರಿಸ್ಕೊಂಡು, ಊರಿಗೆಲ್ಲ ನನ್ನೇ ತೋರಿಸ್ತಾ ಇದ್ರಾ?"

ಇದು ಕಥೆಯಲ್ಲಿದ್ದ ಮಾತಲ್ಲ. ರಾಜ ತಲೆ ತಗ್ಗಿಸಿದ. "ಹೌದು."

"ಅಣಕಿಸೋಕಾ?"

ಮಾವ ಎರಡು ಕೈಯಲ್ಲೂ ಗೊಂಬೆ ಹಿಡಿದುಕೊಂಡು, ಪರದೆಗೆ ಹಣೆ ಒತ್ತಿ ಹೇಳಿದರು. ರಾಜನ ದನಿಯಲ್ಲಲ್ಲ, ತಮ್ಮದೇ ದನಿಯಲ್ಲಿ. "ಅಲ್ಲ ಕಣೇ. ಇದಕ್ಕಿಂತ ಚೆಂದದ್ದು ಮಾಡೋಕೆ ನನಗೆ ಬರ್ಲಿಲ್ಲ."

ನಾನು ಸಂದಿಗೆ ಕಣ್ಣು ಒತ್ತಿದೆ. ಅತ್ತೆಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಅಳುತ್ತಲೂ ಇದ್ದರು, ಆದರೆ ಅದಕ್ಕಿಂತ ಹೆಚ್ಚು ನಗುತ್ತಿದ್ದರು. ಬಿಕ್ಕಳಿಕೆ ಬರುವಷ್ಟು ನಕ್ಕು ಎದ್ದು ನಿಂತರು. ಎಲ್ಲಿಗೆ ಹೋದರೂ ಎಲ್ಲರೂ ಹೊರಡುವ ತನಕ ಕೂತಲ್ಲಿಂದ ಏಳದ ನಮ್ಮತ್ತೆ, ಅಷ್ಟು ಜನರ ಎದುರಿಗೆ, ಪರದೆಯ ಬೆಳಕಿನಲ್ಲಿ ನಡೆದರು. ಬಟ್ಟೆ ಕಾಲಿಗೆ ತೊಡರಿದಾಗ ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡರು. ಬಲಗಾಲು ಊರಿ, ಎಡಗಾಲು ಬಳಸಿ, ಚಿಕ್ಕ ಬಾಗಿಲಿಗೆ ಬಂದರು. ಹೊಸ್ತಿಲಲ್ಲಿ ನಿಂತರು. ಸೊಂಟ ತಟ್ಟಿದರು.

ಕೋಣೆ ಸಿಡಿಯಿತು. ಚಪ್ಪಾಳೆ, ಸಿಳ್ಳೆ, ಬೆಂಚು ಬಡಿತ. "ರಾಣಿಯಮ್ಮ! ರಾಣಿಯಮ್ಮ!" ಕತ್ತರಿಯಣ್ಣ ಬೆಂಚಿನ ಮೇಲೆ ಹತ್ತಿ ಕೂಗುತ್ತಿದ್ದ. ಆ ಹೆಸರು ತನಗೆ ಯಾಕೆ ಬಂತೆಂದು ಅತ್ತೆಗೆ ಗೊತ್ತಾದದ್ದು ಆಗಲೇ ಇರಬೇಕು, ತಿರುಗಿ ಅವರನ್ನೆಲ್ಲ ನೋಡಿ ಇನ್ನೊಂದು ಸಲ ನಕ್ಕರು. ಆಮೇಲೆ ಅವರ ಕೈ ಖಾಲಿ ಸೊಂಟವನ್ನು ಮತ್ತೆ ತಡಕಿತು. "ಅಯ್ಯೋ, ಬೀಗದ ಕೈ ಎಲ್ಲೇ?" ಎಂದು ಕಿರುಚಿದರು.

"ನನ್ನ ಹತ್ರ ಇದೆ ಅತ್ತೆ!" ಎಂದು ಬಸ್ಸಿನ ದನಿಯಲ್ಲಿ ನಾನೂ ಕಿರುಚಿದೆ.

ಅತ್ತೆ ಒಳಗೆ ಬಂದರು. ನನ್ನನ್ನು ಪಕ್ಕಕ್ಕೆ ತಳ್ಳಿ ತಮ್ಮ ಜಾಗದಲ್ಲಿ ಕೂತು, ಮಾವನ ಹಿಮ್ಮಡಿಗೆ ಒಂದು ತಿವಿದರು. ರಾಜ ಮುಂದೆ ನಡೆದ. ಕಥೆ ಮುಗಿಯಿತು.

ಮುಂದಿನ ಆಟದ ದಿನ ಮಧ್ಯಾಹ್ನ ನಾವೆಲ್ಲ ಕೆಲಸದ ಕೋಣೆಯಲ್ಲಿದ್ದೆವು. ಮಾವನ ಕಿವಿಯ ಕೂದಲು ತೆಗೆಯಲು ಕತ್ತರಿಯಣ್ಣನೂ ಬಂದಿದ್ದ. ಅತ್ತೆ ಅವನಿಗೆ ವಿಧಿಸಿದ್ದ ದಂಡ ಅದು, ತಿಂಗಳಿಗೊಂದು ಸಲ, ಪುಕ್ಕಟೆ. ಮಾವ ಹಲ್ಲಿನಿಂದ ಹಾಳು ಮಾಡಿದ್ದ ರಾಣಿಯ ಮಂಡಿಗೆ ಹೊಸ ದಾರ ಹಾಕುತ್ತಿದ್ದರು. ಅತ್ತೆ ಬಗ್ಗಿ ನೋಡಿದರು.

"ಅಷ್ಟು ಬಿಗಿ ಬೇಡ."

ಮಾವ ಸ್ವಲ್ಪ ಸಡಿಲಿಸಿದರು. "ಸಾಕಾ?"

"ಇರಿ." ಅತ್ತೆ ಎದ್ದರು. ಎರಡೂ ಕೈಯಲ್ಲಿ ಬಟ್ಟೆಯನ್ನು ಪಾದದಿಂದ ಮೇಲೆತ್ತಿದರು. ಈ ಮನೆಗೆ ಬಂದಾಗಿನಿಂದ ನಾನು ಆ ಪಾದವನ್ನು ನೋಡಿರಲಿಲ್ಲ. ಚಿಕ್ಕ ಪಾದ, ಒಂದಿಷ್ಟು ಒಳಗೆ ತಿರುಗಿದ್ದು. ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ, ಉದ್ದ ಕೈಯ ಗೊಂಬೆ, ಗಡ್ಡದ ಗೊಂಬೆ, ನಾನು, ನನ್ನ ಗಂಡ, ಕತ್ತರಿಯಣ್ಣ, ಎಲ್ಲರ ಎದುರಿಗೆ ನಿಧಾನವಾಗಿ ನಡೆದರು. "ಸರಿಯಾಗಿ ನೋಡಿ ಕಟ್ಟಿ" ಎಂದರು.

ಮಾವ ನೋಡಿದರು. ದಾರ ಹಿಡಿದ ಬೆರಳು ಗೊಂಬೆಯ ಮಂಡಿಯ ಸುತ್ತ ತಡಕಾಡಿತು. "ಕಣ್ಣು ಕಾಣ್ತಾ ಇಲ್ಲ ಕಣೇ" ಎಂದರು, ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ.

"ಪೊರೆ ಬಂದಿರ್ಬೇಕು. ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ" ಎಂದು ಅತ್ತೆ ಅವರ ಪಕ್ಕ ಕೂತು, ದಾರ ಇಸಿದುಕೊಂಡು, ರಾಣಿಯ ಎಡಮಂಡಿಗೆ ತಾವೇ ಗಂಟು ಹಾಕಿದರು.